ನಾರ್ಮಲ್ ಇ.ಸಿ.ಜಿ.ಯೊಳಗಿನ ಹೃದಯಾಘಾತ

‘ಇ.ಸಿ.ಜಿ. ನಾರ್ಮಲ್ ಇದೆಯಂತೆ.’ ಎದೆನೋವೆಂದು ಆಸ್ಪತ್ರೆಗೆ ಧಾವಿಸಿದವರ ಮನೆಮಂದಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೊಂದಿಲ್ಲ. ಹಾಗಿದ್ದರೆ ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ ಮನೆಗೆ ಮರಳುವವರೂ ಉಂಟು. ಆದರೆ ಹೃದಯದ ರಕ್ತನಾಳ ಮುಚ್ಚಿಕೊಳ್ಳುತ್ತಿರುವಾಗಲೂ ಮೊದಲ ಇ.ಸಿ.ಜಿ. ಸರಿಯಾಗಿದ್ದಂತೆಯೇ ಕಾಣಬಹುದು. ಆ ಗೆರೆಗಳನ್ನು ಓದುವ ವಿದ್ಯೆ ನೂರು ವರ್ಷಗಳಿಂದ ಬೆಳೆಯುತ್ತ ಬಂದಿದೆ, ಇನ್ನೂ ಬೆಳೆಯುತ್ತಿದೆ.

ಉಪ್ಪುನೀರಿನಿಂದ ಆರಂಭ

ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವೆನ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಇ.ಸಿ.ಜಿ. ಯಂತ್ರದ ತೂಕ ಸುಮಾರು 270 ಕಿಲೋ. ಅದನ್ನು ನಡೆಸಲು ಐವರು ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಹಾಗಾಗಿ 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತಗಳನ್ನು ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರಿಟ್ಟವರೂ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಈ ಗೆರೆಗಳಲ್ಲಿ ಹೃದಯಾಘಾತದ ಗುರುತನ್ನು ತೋರಿಸಿಕೊಟ್ಟವರು ನ್ಯೂಯಾರ್ಕಿನ ವೈದ್ಯ ಹೆರಾಲ್ಡ್ ಪಾರ್ಡಿ. ರಕ್ತನಾಳ ಮುಚ್ಚಿದಾಗ ಎಸ್ ಮತ್ತು ಟಿ ಅಲೆಗಳ ನಡುವಿನ ಭಾಗ ತನ್ನ ಮಟ್ಟ ಬಿಟ್ಟು ಮೇಲೇರುವುದನ್ನು ಅವರು 1920ರಲ್ಲಿ ವಿವರಿಸಿದರು. ಇಂದಿಗೂ ತುರ್ತು ಚಿಕಿತ್ಸಾ ಘಟಕದ ವೈದ್ಯರು ಮೊದಲು ಹುಡುಕುವುದು ಇದನ್ನೇ. ಎಸ್-ಟಿ ಏರಿಕೆ ಕಂಡರೆ ಹೆಪ್ಪು ಕರಗಿಸುವ ಔಷಧವನ್ನೋ ಆಂಜಿಯೋಪ್ಲಾಸ್ಟಿಯನ್ನೋ ತಡಮಾಡದೆ ಕೊಡುತ್ತಾರೆ. ಕಷ್ಟವಿರುವುದು ಗೆರೆ ಏರದಿದ್ದಾಗ.

ಸೂಕ್ಷ್ಮ ಸುಳಿವುಗಳು

ನಾಳ ಮುಚ್ಚಿದ ಮೊದಲ ನಿಮಿಷಗಳಲ್ಲಿ ಎಸ್-ಟಿ ಭಾಗ ಏರುವ ಮುನ್ನವೇ ಟಿ ಅಲೆ ಅಗಲವಾಗಿ, ದಪ್ಪವಾಗಿ ಉಬ್ಬಬಹುದು. ಹೃದಯದ ಕೆಳಗೋಡೆಗೆ ರಕ್ತ ನಿಂತಾಗ, ಎಡತೋಳಿನ ಕಡೆಯಿಂದ ನೋಡುವ ‘ಎವಿಎಲ್’ ಗೆರೆಯಲ್ಲಿನ ಸಣ್ಣ ಇಳಿತವೇ ಮೊದಲ ಸುಳಿವಾಗಬಹುದು.

ಇ.ಸಿ.ಜಿ.ಗಾಗಿ ಕೈಕಾಲು ಮತ್ತು ಎದೆಯ ಮೇಲೆ 10 ಕಡೆ ಜೋಡಿಸುವ ತಂತಿಗಳು ಹೃದಯವನ್ನು 12 ಕೋನಗಳಿಂದ ನೋಡುತ್ತವೆ. ಅವುಗಳಲ್ಲಿ ಒಂದೂ ಬೆನ್ನಿನ ಮೇಲಿರುವುದಿಲ್ಲ. ಆದ್ದರಿಂದ ಹಿಂಗೋಡೆಯ ಆಘಾತ ಎದೆಯ ಮುಂದಿನ ಗೆರೆಗಳಲ್ಲಿ ಕನ್ನಡಿಯ ಬಿಂಬದಂತೆ ತಲೆಕೆಳಗಾಗಿ, ಅಂದರೆ ಏರಿಕೆಯ ಬದಲು ಇಳಿತವಾಗಿ ಕಾಣುತ್ತದೆ. ಅನುಮಾನ ಬಂದ ವೈದ್ಯರು ತಂತಿಗಳನ್ನು ಬೆನ್ನಿಗೆ ಜೋಡಿಸಿ ಮತ್ತೆ ನೋಡುತ್ತಾರೆ.

ಇನ್ನೆರಡು ಸುಳಿವುಗಳೂ ಐಂಥೋವೆನ್‌ರ ನಾಡಿನಿಂದಲೇ ಬಂದವು ಎಂಬುದು ಕುತೂಹಲಕರ. 1982ರಲ್ಲಿ ಹೈನ್ ವೆಲೆನ್ಸ್ ಮತ್ತು ಸಂಗಡಿಗರು ಎದೆನೋವಿನಿಂದ ದಾಖಲಾದ 145 ಮಂದಿಯ ಪೈಕಿ 26 ಜನರಲ್ಲಿ ಟಿ ಅಲೆಯ ವಿಶಿಷ್ಟ ಬಾಗನ್ನು ಗುರುತಿಸಿದರು. ಅವರಲ್ಲಿ ಶಸ್ತ್ರಚಿಕಿತ್ಸೆಯಾಗದ 16 ಜನರ ಪೈಕಿ 12 ಮಂದಿಗೆ ಕೆಲವೇ ವಾರಗಳಲ್ಲಿ ದೊಡ್ಡ ಹೃದಯಾಘಾತವಾಯಿತು. ಸಾಮಾನ್ಯವಾಗಿ ಈ ಬಾಗು ಕಾಣಿಸುವುದು ನೋವು ನಿಂತ ಮೇಲೆ. ರೋಗಿಯು ‘ಈಗ ಆರಾಮ’ ಎನ್ನುವ ಹೊತ್ತಿನಲ್ಲಿ!

2008ರಲ್ಲಿ ರಾಬರ್ಟ್ ಡಿ ವಿಂಟರ್ ಮತ್ತು ಸಹೋದ್ಯೋಗಿಗಳು ಹೃದಯದ ಮುಂಭಾಗಕ್ಕೆ ಆಘಾತವಾದ 1,532 ಮಂದಿಯಲ್ಲಿ 30 ಜನರ ಇ.ಸಿ.ಜಿ. ವಿಚಿತ್ರವಾಗಿದ್ದುದನ್ನು ವರದಿ ಮಾಡಿದರು. ಅಲ್ಲಿ ಎಸ್-ಟಿ ಭಾಗ ಏರುವ ಬದಲು ತಗ್ಗಿ, ಅಲ್ಲಿಂದ ಎತ್ತರದ ಟಿ ಅಲೆ ಎದ್ದಿತ್ತು. ಶೇ 2ರಷ್ಟೇ ಇರಬಹುದು. ಆದರೆ ಮುಚ್ಚಿದ್ದು ಹೃದಯದ ಮುಂಭಾಗಕ್ಕೆ ರಕ್ತ ಒದಗಿಸುವ ಮುಖ್ಯ ನಾಳ.

ಒಂದೇ ಸಾಲದು

ಇ.ಸಿ.ಜಿ. ಎಂಬುದು ಕೆಲವು ಕ್ಷಣಗಳ ಚಿತ್ರ ಮಾತ್ರ. ರಕ್ತದ ಹೆಪ್ಪು ಕಟ್ಟುವುದು, ಕರಗುವುದು, ಮತ್ತೆ ಕಟ್ಟುವುದು ನಡೆದೇ ಇರುತ್ತದೆ. ಆದ್ದರಿಂದ ರೋಗಿ ಬಂದ 10 ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕು, ಅದು ಸರಿಯಿದ್ದರೂ ಅನುಮಾನ ಉಳಿದರೆ ಮೊದಲ ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು ಎಂಬುದು ತಜ್ಞರ ಸಲಹೆ. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ನೆರವಾಗುತ್ತದೆ. ಆದರೆ ನೋವು ಶುರುವಾದ ಕೂಡಲೇ ಮಾಡಿದರೆ ಅದೂ ಸರಿಯಾಗಿಯೇ ಬರಬಹುದು.

ಇಂಥ ಸೂಕ್ಷ್ಮಗಳನ್ನು ಬಲ್ಲ ತಜ್ಞರು ಎಲ್ಲ ಊರುಗಳಲ್ಲೂ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುವ ಏರ್ಪಾಡನ್ನು ಕರ್ನಾಟಕ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ಆರಂಭಿಸಿತು. ಐಂಥೋವೆನ್ 1905ರಲ್ಲಿ ತಂತಿಯ ಮೂಲಕ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ರೋಗಿಯ ಕಡೆಯವರೂ ಎರಡು ಕೆಲಸ ಮಾಡಬಹುದು. ಹಳೆಯ ಇ.ಸಿ.ಜಿ.ಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಹೊಸದರೊಂದಿಗೆ ಹೋಲಿಸಿ ಸಣ್ಣ ಬದಲಾವಣೆಯನ್ನೂ ಗುರುತಿಸಲು ವೈದ್ಯರಿಗೆ ಅನುಕೂಲ. ಆ ಕಾಗದದ ಗೆರೆಗಳು ಕಾಲಕ್ರಮೇಣ ಮಾಸುವುದರಿಂದ ಜೆರಾಕ್ಸ್ ಮಾಡಿಸಿಡುವುದು ಒಳಿತು. ಎರಡನೆಯದಾಗಿ, ಎದೆಯ ಬಿಗಿತ, ಬೆವರು, ದವಡೆ ಅಥವಾ ತೋಳಿನ ನೋವು ಮರುಕಳಿಸಿದರೆ, ‘ಬೆಳಿಗ್ಗೆ ತಾನೇ ನಾರ್ಮಲ್ ಅಂದರಲ್ಲ’ ಎಂದು ಮನೆಯಲ್ಲೇ ಕೂರದೆ ಮತ್ತೆ ಆಸ್ಪತ್ರೆಗೆ ಹೋಗಬೇಕು.