ಏಳು ಸಲ ಗೆದ್ದವರ ಎಂಟನೇ ಸಲ

ಬ್ಯಾಂಕೊಂದರ ಪ್ರಾಜೆಕ್ಟ್‌ಗಾಗಿ 2024ರಲ್ಲಿ ಆರು ತಿಂಗಳು ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿದ್ದೆ. ಆ ಊರಿನ ರೈಲು ನಿಲ್ದಾಣಕ್ಕೆ ಜೋ ಬೈಡನ್ ಹೆಸರಿಟ್ಟಿದ್ದಾರೆ. ಸೆನೆಟರ್ ಆಗಿದ್ದ 36 ವರ್ಷವೂ ಅವರು ವಾಷಿಂಗ್ಟನ್‌ಗೆ ಇಲ್ಲಿಂದಲೇ ಓಡಾಡುತ್ತಿದ್ದರಂತೆ. ನಾವು ರಾಮನಗರದಿಂದ ಬೆಂಗಳೂರಿಗೆ ಬಂದು ಹೋಗೋ ಹಾಗೆ, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ.

ಆಗ ನನಗೆ ಸರಿಯಾಗಿ ಮೂವತ್ತು. ಸೆನೆಟರ್ ಆಗೋಕೆ ಅಲ್ಲಿನ ಸಂವಿಧಾನ ಕೇಳೋ ಕನಿಷ್ಠ ವಯಸ್ಸೂ ಅಷ್ಟೇ. ಬೈಡನ್ ಮೊದಲ ಸಲ ಗೆದ್ದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ ಅಂತ ಓದಿದ ಮೇಲೆ, ಆ ಮನುಷ್ಯನ ಚುನಾವಣೆಗಳ ಲೆಕ್ಕ ತೆಗೆಯೋ ಹುಚ್ಚು ಹಿಡಿಯಿತು. ಡೇಟಾ ನೋಡೋದೇ ನನ್ನ ಕೆಲಸ ತಾನೇ!

ಆ 3,162 ಮತಗಳು

ಸೆನೆಟ್ ಅಂದರೆ ನಮ್ಮ ರಾಜ್ಯಸಭೆ ಇದ್ದಂತೆ, ಆದರೆ ಅಲ್ಲಿ ಜನರೇ ನೇರವಾಗಿ ಮತ ಹಾಕುತ್ತಾರೆ. ರಾಜ್ಯಕ್ಕೆ ಇಬ್ಬರು, ಅವಧಿ ಆರು ವರ್ಷ. 1972ರ ನವೆಂಬರ್ 7ರಂದು ಬೈಡನ್‌ಗೆ ಬಿದ್ದದ್ದು 1,16,006 ಮತ. ಎದುರಾಳಿ ಕೇಲೆಬ್ ಬಾಗ್ಸ್‌ಗೆ 1,12,844. ಅಂತರ ಬರೀ 3,162. ಅದೇ ದಿನ ಬಾಗ್ಸ್ ಅವರ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದಿದ್ದರು, ಡೆಲವೇರ್ ಕೂಡ ಅವರದೇ. ಅಂಥ ಅಲೆಯಲ್ಲೂ ಸಾವಿರಾರು ಜನ ಅಧ್ಯಕ್ಷರಿಗೊಂದು ಪಕ್ಷ, ಸೆನೆಟರಿಗೊಂದು ಪಕ್ಷ ಅಂತ ಮತ ಹಾಕಿದ್ದರು.

ಬೈಡನ್ ಕಡೆ ದುಡ್ಡಿರಲಿಲ್ಲ. ತಂಗಿ ವ್ಯಾಲೆರಿ ಪ್ರಚಾರದ ಉಸ್ತುವಾರಿ, ಉಳಿದದ್ದೆಲ್ಲ ಮನೆಯವರು. ಹುಡುಗ ಹುಡುಗಿಯರು ಮನೆಮನೆಗೆ ಹೋಗಿ ಕರಪತ್ರ ಹಂಚಿದರು. ಗೆದ್ದು ಆರು ವಾರಕ್ಕೆ ಅಪಘಾತದಲ್ಲಿ ಹೆಂಡತಿ ಮತ್ತು ಪುಟ್ಟ ಮಗಳು ಹೋಗಿಬಿಟ್ಟರು. ಇಬ್ಬರು ಗಂಡುಮಕ್ಕಳು ಆಸ್ಪತ್ರೆಯಲ್ಲಿ. ಪ್ರಮಾಣವಚನವೂ ಆ ಆಸ್ಪತ್ರೆಯಲ್ಲೇ ಆಯಿತು. ದಿನವೂ ರೈಲಿನಲ್ಲಿ ಮನೆಗೆ ಬರೋ ರೂಢಿ ಶುರುವಾದದ್ದು ಆ ಮಕ್ಕಳಿಗೋಸ್ಕರ.

ಆಮೇಲಿನದ್ದು ಸಲೀಸು. 1978ರಲ್ಲಿ ಶೇ. 58, 1984ರಲ್ಲಿ 60, 1990ರಲ್ಲಿ 63, 1996ರಲ್ಲಿ 60, 2002ರಲ್ಲಿ 58, 2008ರಲ್ಲಿ 65ರ ಹತ್ತಿರ. ಒಟ್ಟು ಏಳು ಗೆಲುವು. ಆದರೆ ಗವರ್ನರ್ ಆಗಿದ್ದ ಬಾಗ್ಸ್‌ನಂಥ ಎದುರಾಳಿ ಮತ್ತೆ ಒಬ್ಬರೂ ಸಿಗಲಿಲ್ಲ. ತಮಾಷೆ ನೋಡಿ, 2008ರ ಜನವರಿಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗೋಕೆ ಅಯೋವಾ ರಾಜ್ಯದಲ್ಲಿ ಸ್ಪರ್ಧಿಸಿದಾಗ ಶೇ. 1ರಷ್ಟೂ ಬೆಂಬಲ ಸಿಗದೆ ಹಿಂದೆ ಸರಿದಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಊರಿನವರು 65 ಕೊಟ್ಟರು. ಅದೇ ದಿನ ಉಪಾಧ್ಯಕ್ಷರಾಗಿಯೂ ಗೆದ್ದರು!

1942ರಲ್ಲೇ ಹುಟ್ಟಿ, 1972ರಲ್ಲೇ ಚುನಾವಣೆ ಗೆದ್ದ ಇನ್ನೊಬ್ಬರು ನಮ್ಮಲ್ಲೇ ಇದ್ದಾರೆ: ಗುರುಮಿಠಕಲ್‌ನಿಂದ ಶಾಸಕರಾದ ಮಲ್ಲಿಕಾರ್ಜುನ ಖರ್ಗೆ. 'ಸೋಲಿಲ್ಲದ ಸರದಾರ' ಅನ್ನಿಸಿಕೊಂಡಿದ್ದ ಅವರನ್ನೂ 2019ರಲ್ಲಿ ಸೋಲು ಹುಡುಕಿಕೊಂಡು ಬಂತು.

ಸೋತವರ ಕಥೆ

ಇಷ್ಟೆಲ್ಲ ಓದುವಾಗ ನನ್ನ ಕಣ್ಣು ನಿಂತದ್ದು ಬೈಡನ್ ಮೇಲಲ್ಲ, ಬಾಗ್ಸ್ ಮೇಲೆ. ಕೆಳಮನೆಗೆ ಮೂರು ಸಲ, ಗವರ್ನರ್ ಆಗಿ ಎರಡು ಸಲ, ಸೆನೆಟ್‌ಗೆ ಎರಡು ಸಲ. 1946ರಿಂದ ಅವರೂ ಏಳು ಸಲ ಗೆದ್ದವರೇ. ಅವರಿಗಾಗ 63 ವಯಸ್ಸು, ಎಂಟನೇ ಸಲ ನಿಲ್ಲೋ ಮನಸ್ಸಿರಲಿಲ್ಲ. ಪಕ್ಷದಲ್ಲಿ ಆ ಸೀಟಿಗೆ ಇಬ್ಬರು ಕಿತ್ತಾಡೋ ಹಾಗಿತ್ತು. ಜಗಳ ತಪ್ಪಲಿ ಅಂತ ಸ್ವತಃ ನಿಕ್ಸನ್ ಒತ್ತಾಯ ಮಾಡಿ ನಿಲ್ಲಿಸಿದರು. ನಿಂತರು, 3,162ರಲ್ಲಿ ಸೋತರು.

ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಇದು ನಮ್ಮಪ್ಪನ ಕಥೆಯೇ ಆಗಿತ್ತು.

ಅಪ್ಪ ನಮ್ಮೂರ ಹಾಲಿನ ಡೇರಿಗೆ ನಾಲ್ಕು ಸಲ ನಿರ್ದೇಶಕರಾಗಿದ್ದವರು. ಇಪ್ಪತ್ತು ವರ್ಷ. ಹಿಂದಿನ ವರ್ಷದ ಚುನಾವಣೆಗೆ 'ಸಾಕಪ್ಪ' ಅಂದಿದ್ದರು. "ನೀವು ನಿಲ್ಲದಿದ್ರೆ ಎರಡು ಪಾರ್ಟಿಯಾಗಿ ಹೊಡೆದಾಡ್ತಾರೆ, ಇದೊಂದ್ಸಲ ನಿಂತ್ಕೊಳಿ" ಅಂತ ಊರಿನವರು ಹಿಡಿದುಕೊಂಡರು. ಹನ್ನೊಂದು ಮತದಲ್ಲಿ ಸೋತರು. ಗೆದ್ದವನು ಅಪ್ಪನ ಸ್ನೇಹಿತರ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ಅವತ್ತಿನಿಂದ ಅಪ್ಪ ಡೇರಿ ಬಾಗಿಲು ತುಳಿದಿರಲಿಲ್ಲ. ಕ್ಯಾನ್ ಹೊತ್ತು ಹಾಲು ಹಾಕೋಕೆ ಹೋಗ್ತಿದ್ದದ್ದು ಅಮ್ಮ. ನಾನು ಫೋನಿನಲ್ಲಿ, "ಹನ್ನೊಂದು ಓಟಿಗೆಲ್ಲ ಯಾಕಪ್ಪಾ ಇಷ್ಟು ತಲೆ ಕೆಡಿಸ್ಕೋತೀಯ" ಅಂತ ಬುದ್ಧಿ ಹೇಳಿದ್ದೆ. ಅಪ್ಪ ಹೇಳಿದ್ದು ಇಷ್ಟೇ: "ಆ ಹನ್ನೊಂದು ಜನ ಯಾರ್ಯಾರು ಅಂತ ದಿನಾ ಮುಖ ನೋಡೋದು ನಾನು ಕಣಪ್ಪ, ನೀನಲ್ಲ." ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಒಂದೇ ಗಾಡಿಯಲ್ಲಿ

ಡೆಲವೇರ್‌ನ ದಕ್ಷಿಣಕ್ಕೆ ಜಾರ್ಜ್‌ಟೌನ್ ಅಂತ ಚಿಕ್ಕ ಊರಿದೆ. ಚುನಾವಣೆ ಮುಗಿದ ಗುರುವಾರ ಅಲ್ಲಿ 'ರಿಟರ್ನ್ ಡೇ' ನಡೆಯುತ್ತೆ. ಹಿಂದಿನ ಕಾಲದಲ್ಲಿ ಸುತ್ತಲಿನ ಜನ ಮತ ಹಾಕೋಕೆ ಆ ಊರಿಗೇ ಬರಬೇಕಿತ್ತು, ಎರಡು ದಿನ ಬಿಟ್ಟು ಫಲಿತಾಂಶ ಕೇಳೋಕೆ ಮತ್ತೆ ಬರಬೇಕಿತ್ತು. ಅದೇ ಜಾತ್ರೆಯಾಗಿ ಉಳಿದಿದೆ. 2024ರ ನವೆಂಬರ್ 7ರಂದು ಸಹೋದ್ಯೋಗಿಯೊಬ್ಬರ ಜೊತೆ ನಾನೂ ಹೋಗಿದ್ದೆ.

ಗೆದ್ದವರು, ಸೋತವರು ಒಂದೇ ಕುದುರೆ ಗಾಡಿಯಲ್ಲೋ ಹಳೇ ಕಾರಿನಲ್ಲೋ ಅಕ್ಕಪಕ್ಕ ಕೂತು ಮೆರವಣಿಗೆಯಲ್ಲಿ ಬರ್ತಾರೆ. ಎರಡೂ ಪಕ್ಷದ ಮುಖಂಡರು ಸೇರಿ ಒಂದು ಕೊಡಲಿಯನ್ನು ಮರಳಿನಲ್ಲಿ ಹೂಳ್ತಾರೆ, ಹಗೆ ಇಲ್ಲಿಗೆ ಮುಗೀತು ಅಂತ. ಇದೆಲ್ಲ ಒಂದು ದಿನದ ನಾಟಕ ಅನ್ನಬಹುದು. ಆದರೆ ನಾನು ನೋಡ್ತಿದ್ದದ್ದು ಸೋತವರ ಮುಖಗಳನ್ನ. ನಗು ಬಲವಂತದ್ದೇ, ಕೈ ಬೀಸೋದೂ ಬಲವಂತದ್ದೇ. ಆದರೂ ಗಾಡಿ ಹತ್ತಿದ್ದರು. ರಸ್ತೆಯ ಎರಡೂ ಬದಿಯಲ್ಲಿ ನಿಂತ ಜನ ಅವರ ಹೆಸರು ಹಿಡಿದೂ ಕೂಗುತ್ತಿದ್ದರು. ಸೋತ ಮೂರನೇ ದಿನಕ್ಕೆ ಜನರಿಗೆ ಮುಖ ತೋರಿಸೋ ಕಷ್ಟವನ್ನ ಆ ಊರು ಒಬ್ಬೊಬ್ಬರ ತಲೆ ಮೇಲೆ ಬಿಡದೆ, ತಾನೇ ಹೊತ್ತುಕೊಂಡ ಹಾಗಿತ್ತು. ನಮ್ಮೂರಲ್ಲಿ ಗೆದ್ದವರಿಗೆ ಹಾರ, ಪಟಾಕಿ. ಸೋತವರು ಹಿತ್ತಲ ಬಾಗಿಲಿಂದ ಮನೆಗೆ.

ಅದೇ ಜುಲೈ 21ರಂದು ಬೈಡನ್ ಅಧ್ಯಕ್ಷ ಚುನಾವಣೆಯಿಂದ ಹಿಂದೆ ಸರಿದಿದ್ದರು. 1972ರಲ್ಲಿ ಬಾಗ್ಸ್‌ಗೆ 'ಇದೊಂದು ಸಲ' ಅಂದವರಿದ್ದರು, 2024ರಲ್ಲಿ ಬೈಡನ್‌ಗೆ 'ಈ ಸಲ ಬೇಡ' ಅಂದವರಿದ್ದರು. ಎಷ್ಟು ಸಲ ಗೆದ್ದರೂ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಹಳೆಯ ಗೆಲುವುಗಳು ಹೇಳಿಕೊಡೋದಿಲ್ಲ.

ರಾತ್ರಿ ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಿಗ್ಗೆ. ಈ ಸಲ ಬುದ್ಧಿ ಹೇಳಲಿಲ್ಲ. ಗಾಡಿ, ಮೆರವಣಿಗೆ, ಕೊಡಲಿ ಎಲ್ಲ ವರ್ಣಿಸಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪ ಅಂದರು: "ಕೊಡಲಿ ಹೂತಾಕ್ಬಿಟ್ರೆ ಸೌದೆ ಯಾವುದ್ರಲ್ಲಿ ಸೀಳ್ತಾರಂತೆ?"

ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಮುಂದಿನ ವಾರ ಅಮ್ಮ ಹೇಳಿದಳು, "ಇವತ್ತು ಕ್ಯಾನ್ ತಗೊಂಡು ನಿಮ್ಮಪ್ಪನೇ ಡೇರಿಗೆ ಹೋದ್ರು ಕಣೋ."

"ಆ ಹುಡುಗನ ಹತ್ರ ಮಾತಾಡಿದ್ರಾ?"

"ಅದೇನೋ ಗೊತ್ತಿಲ್ಲ. ವಾಪಸ್ ಬರೋದು ಮಾತ್ರ ತಡ ಆಯ್ತು."