ಹುಣ್ಣಿಮೆಯೊಳಗೆ ಮನೆ ಖಾಲಿ: ಚಂದ್ರನ ಪಾಲೆಷ್ಟು, ಗುಜರಿಯವನ ಪಾಲೆಷ್ಟು?

ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಬೆಂಗಳೂರಿನ ಅರೆಕೆರೆಯ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಹಳೆಯದನ್ನೆಲ್ಲ ಹುಣ್ಣಿಮೆಯೊಳಗೆ ಹೊರಹಾಕಿ, ಮೂಲೆಮೂಲೆಗೆ ಕಲ್ಲುಪ್ಪು ಇಡಿ, ಮರೆಯಬೇಕಾದ್ದನ್ನು ಚೀಟಿಯಲ್ಲಿ ಬರೆದು ಸುಡಿ, ಸೇಜ್ ಎಲೆಯ ಹೊಗೆ ಹಾಕಿ, ಮನಸ್ಸು ಹಗುರಾಗುತ್ತದೆ ಎಂದು. ಮನೆ ಒಪ್ಪ ಮಾಡುವುದಕ್ಕೆ ನನ್ನ ತಕರಾರೇನೂ ಇಲ್ಲ. ಕೆಟ್ಟ ಮಿಕ್ಸಿಗಳ ಮೂರು ತಲೆಮಾರು ಅಟ್ಟದ ಮೇಲೆ ಮಲಗಿರುವ ಮನೆಗೆ ಯಾವ ನೆಪವಾದರೂ ಆದೀತು. ತಕರಾರು ಇರುವುದು ಆ ಸಂದೇಶದ ಬಾಲಕ್ಕೆ ಅಂಟಿಸುವ ಎರಡು ಮಾತಿನ ಮೇಲೆ: ಇದು ನಮ್ಮ ಹಿರಿಯರ ಸಂಪ್ರದಾಯ, ಇದರ ಹಿಂದೆ ವಿಜ್ಞಾನವಿದೆ.

“ಹುಣ್ಣಿಮೆಗೆ ಮುಂಚೆ ಹಳೆಯದನ್ನು ಬಿಡುವುದು ನಮ್ಮ ಪದ್ಧತಿ”

ನಮ್ಮ ಮನೆಗಳಲ್ಲಿ ಧೂಳು ಹೊಡೆಯುವ ಕಾಲ ಯಾವುದು, ನೆನಪಿಸಿಕೊಳ್ಳಿ. ಯುಗಾದಿ ಬರುವುದು ಅಮಾವಾಸ್ಯೆಯ ಮರುದಿನ. ಅದಕ್ಕೆ ಮನೆ ತೊಳೆಯುವುದು ಕೃಷ್ಣಪಕ್ಷದಲ್ಲಿ. ದೀಪಾವಳಿಯಲ್ಲಿ ಹಂಡೆ ಬೆಳಗಿ ನೀರು ತುಂಬುವುದು ತ್ರಯೋದಶಿಯ ಸಂಜೆ, ಅದೂ ಅಮಾವಾಸ್ಯೆಗೆ ಮುಂಚೆ. ಆಯುಧಪೂಜೆ ನವಮಿಗೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಚಂದ್ರನನ್ನು ಕೇಳುವುದೇ ಇಲ್ಲ. ದೃಷ್ಟಿ ತೆಗೆದು ಬನ್ನೇರುಘಟ್ಟ ರಸ್ತೆಯ ಅಂಗಡಿಗಳ ಮುಂದೆ ಬೂದುಗುಂಬಳ ಒಡೆಯುವುದೂ ಅಮಾವಾಸ್ಯೆಗೇ.

ಇದಕ್ಕೊಂದು ಹಿನ್ನೆಲೆ ಇದೆ. ಕರ್ನಾಟಕದ ಪಂಚಾಂಗದಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ. ಉತ್ತರ ಭಾರತದ ಬಹುಭಾಗದಲ್ಲಿ ಹುಣ್ಣಿಮೆಗೆ. ತಿಂಗಳ ಲೆಕ್ಕ ಚುಕ್ತಾ ಆಗುವ ದಿನ ನಮಗೆ ಅಮಾವಾಸ್ಯೆ. ಹುಣ್ಣಿಮೆಯೆಂದರೆ ಇಲ್ಲಿ ತುಂಬುವ, ಉಣ್ಣುವ ದಿನ: ಸತ್ಯನಾರಾಯಣ ಪೂಜೆಯ ಸಪಾದ, ಕಾರಹುಣ್ಣಿಮೆಯ ಎತ್ತುಗಳ ಸಿಂಗಾರ, ಸೀಗಿ ಹುಣ್ಣಿಮೆಗೆ ಹೊಲದ ಪೈರಿನ ಪೂಜೆ.

ಹಾಗೆಂದು ಹುಣ್ಣಿಮೆಗೂ ಬಿಡುವುದಕ್ಕೂ ನಂಟೇ ಇಲ್ಲವೆನ್ನಲಾಗದು. ವರಮಹಾಲಕ್ಷ್ಮಿ ವ್ರತ ಶ್ರಾವಣ ಹುಣ್ಣಿಮೆಯ ಹಿಂದಿನ ಶುಕ್ರವಾರ, ಅದಕ್ಕೆ ಮನೆ ತೊಳೆಯದ ಗೃಹಿಣಿ ಜಯನಗರದಿಂದ ಅರೆಕೆರೆವರೆಗೆ ಸಿಕ್ಕುವುದು ಕಷ್ಟ. ನೂಲಹುಣ್ಣಿಮೆಗೆ ಹೊಸ ಜನಿವಾರ ಹಾಕಿ ಹಳೆಯದನ್ನು ತೆಗೆಯುತ್ತಾರೆ. ಹೋಳಿ ಹುಣ್ಣಿಮೆಯ ಕಾಮದಹನವಂತೂ ಕಣ್ಣಮುಂದಿದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಹುಡುಗರು ಕುಳ್ಳು, ಮುರಿದ ಕಟ್ಟಿಗೆ ಕದ್ದು ತಂದು ಸುಡುತ್ತಾರೆ. ಆದರೆ ತಿಂಗಳು ತಿಂಗಳೂ “ಅಮಾವಾಸ್ಯೆಗೆ ಸಂಕಲ್ಪ, ಹುಣ್ಣಿಮೆಗೆ ವಿಸರ್ಜನೆ” ಎಂಬ ಜೋಡಿ ಸೂತ್ರ ನಮ್ಮದಲ್ಲ. ಅದು ಕಳೆದ ಶತಮಾನದ ಪಾಶ್ಚಾತ್ಯ ‘ನ್ಯೂ ಏಜ್’ ಬಳಗದಿಂದ ಬಂದದ್ದು. ಬರಲಿ, ತಪ್ಪೇನಿಲ್ಲ, ಅಜ್ಜಿಯ ಹೆಸರು ಹಾಕುವುದು ಬೇಡ ಅಷ್ಟೇ.

ಗಡುವಿನ ಭಯವೂ ಬೇಡ. ಹುಣ್ಣಿಮೆ ತಿಥಿ ಶುರುವಾಗುವುದು ಚಂದ್ರ ಸೂರ್ಯನಿಂದ 168 ಡಿಗ್ರಿ ದೂರವಾದಾಗ, ಮುಗಿಯುವುದು 180 ಡಿಗ್ರಿಗೆ. ಖಗೋಳಶಾಸ್ತ್ರದ ಪೂರ್ಣಚಂದ್ರ ಅಂದರೆ ಆ ಕೊನೆಯ ಕ್ಷಣ. ಹೀಗಾಗಿ ಹುಣ್ಣಿಮೆಯ ತಿಥಿಯೆಲ್ಲವೂ ಲೆಕ್ಕಕ್ಕೆ “ಹುಣ್ಣಿಮೆಗೆ ಮುಂಚೆ”ಯೇ.

“ಸಮುದ್ರ ಉಕ್ಕುತ್ತದೆ, ದೇಹದಲ್ಲೂ ನೀರಿದೆ, ಮನಸ್ಸೂ ಉಕ್ಕುತ್ತದೆ”

ಕೇಳಲು ಸೊಗಸಾದ ತರ್ಕ. ಭರತ ಏಳುವುದು ಚಂದ್ರ ನೀರನ್ನು ಎಳೆಯುವುದರಿಂದ ಮಾತ್ರ ಅಲ್ಲ. ಭೂಮಿಯ ಈ ಬದಿಯ ಮೇಲಿನ ಸೆಳೆತಕ್ಕೂ ಆ ಬದಿಯ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸದಿಂದ. ನಡುವಿನ ದೂರ ಸುಮಾರು 12,700 ಕಿಲೋಮೀಟರ್. ಚಂದ್ರನಿರುವುದು ಸರಾಸರಿ 3,84,400 ಕಿಲೋಮೀಟರ್ ಆಚೆ. ಐದೂವರೆ ಅಡಿಯ ಮನುಷ್ಯನ ತಲೆಗೂ ಪಾದಕ್ಕೂ ಆ ಸೆಳೆತದಲ್ಲಿ ಗಣನೆಗೆ ಬರುವ ಅಂತರವೇ ಇಲ್ಲ. ಅರೆಕೆರೆಯ ಕೆರೆಯಲ್ಲೇ ಕಣ್ಣಿಗೆ ಕಾಣುವ ಭರತ-ಇಳಿತ ಇಲ್ಲದಿರುವಾಗ ಅದರ ದಂಡೆಯಲ್ಲಿ ವಾಕ್ ಮಾಡುವವರೊಳಗೆ ಎಲ್ಲಿಂದ ಬಂತು? ಇನ್ನೊಂದು: ದೊಡ್ಡ ಭರತ ಹುಣ್ಣಿಮೆಗೆಷ್ಟೋ ಅಮಾವಾಸ್ಯೆಗೂ ಅಷ್ಟೇ. ಮಲ್ಪೆಯ ಮೀನುಗಾರರನ್ನು ಕೇಳಿದರೆ ಸಾಕು.

ಹುಣ್ಣಿಮೆಗೆ ಹುಚ್ಚು, ಜಗಳ, ಅಪರಾಧ ಹೆಚ್ಚುತ್ತವೆಯೆಂಬ ಮಾತನ್ನು ರಾಟನ್ ಮತ್ತು ಕೆಲ್ಲಿ ಎಂಬ ಸಂಶೋಧಕರು 1985ರಲ್ಲೇ 37 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರೀಕ್ಷಿಸಿದರು. ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ನಿದ್ದೆಯ ವಿಷಯ ಮಾತ್ರ ಬೇರೆ. ಅರ್ಜೆಂಟೀನಾದ ಮೂಲನಿವಾಸಿ ಸಮುದಾಯಗಳಲ್ಲೂ ಅಮೆರಿಕದ ಸಿಯಾಟಲ್ ನಗರದ ವಿದ್ಯಾರ್ಥಿಗಳಲ್ಲೂ ಹುಣ್ಣಿಮೆಗೆ ಹಿಂದಿನ ಕೆಲವು ರಾತ್ರಿ ಜನ ತಡವಾಗಿ ಮಲಗಿ ಕಡಿಮೆ ನಿದ್ದೆ ಮಾಡುತ್ತಾರೆಂದು 2021ರ ಒಂದು ಅಧ್ಯಯನ ಕಂಡುಕೊಂಡಿತು. ಅಟ್ಟ ಗುಡಿಸಲು ಹೆಚ್ಚಿನ ಹೊತ್ತು ಸಿಕ್ಕಿತು ಅಂದುಕೊಳ್ಳಬಹುದು.

“ಸೇಜ್ ಹೊಗೆ ಶೇ. 94ರಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತದೆ”

ಈ 94 ಎಂಬ ಅಂಕಿಯ ಕತೆ ತಮಾಷೆಯದು. ಅದು ಸೇಜ್ ಎಲೆಯದಲ್ಲ, ನಮ್ಮ ಹವನದ್ದು. 2007ರಲ್ಲಿ ಭಾರತೀಯ ವಿಜ್ಞಾನಿಗಳು ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆ ಮತ್ತು ಹವನ ಸಾಮಗ್ರಿಯನ್ನು ಒಂದು ಗಂಟೆ ಉರಿಸಿ, ಗಾಳಿಯಲ್ಲಿನ ಬ್ಯಾಕ್ಟೀರಿಯಾ ಶೇ. 94ಕ್ಕಿಂತ ಹೆಚ್ಚು ಇಳಿದದ್ದನ್ನು ವರದಿ ಮಾಡಿದರು. ಅದನ್ನು ಪರದೇಶದವರು ಕ್ಯಾಲಿಫೋರ್ನಿಯಾದ ಗಿಡಕ್ಕೆ ಅಂಟಿಸಿದರು, ನಾವು ಅದನ್ನು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ! ಸೇಜ್ ಇರಲಿ, ಸಾಂಬ್ರಾಣಿ ಇರಲಿ, ಹೊಗೆಯಲ್ಲಿ ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಕಣಗಳಿರುತ್ತವೆ. ಪರಿಮಳಕ್ಕೆ ಹಾಕುವುದಾದರೆ ಹಾಕಿ, ಕಿಟಕಿ ತೆಗೆದು.

“ಮೂಲೆಯ ಉಪ್ಪು ಒದ್ದೆಯಾದರೆ ನಕಾರಾತ್ಮಕ ಶಕ್ತಿ ಹೀರಿದೆ”

ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಯಾರ ಮನೆಯ ಉಪ್ಪಿನ ಭರಣಿಯಾದರೂ ಇದನ್ನೇ ಮಾಡುತ್ತದೆ.

“ಬರೆದು ಸುಟ್ಟರೆ ಸಿಟ್ಟು ಹೋಗುತ್ತದೆ”

ಇದರಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚೇ ಇದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವಮಾನಿಸಿ ಸಿಟ್ಟೆಬ್ಬಿಸಿದವರ ಕೈಲಿ ಅನಿಸಿದ್ದನ್ನು ಕಾಗದದಲ್ಲಿ ಬರೆಸಿದರು. ಕಾಗದವನ್ನು ಕಸದ ಬುಟ್ಟಿಗೆ ಎಸೆದವರ, ಇಲ್ಲವೇ ಯಂತ್ರದಲ್ಲಿ ಚೂರು ಮಾಡಿದವರ ಸಿಟ್ಟು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕಿಳಿಯಿತು. ಇಟ್ಟುಕೊಂಡವರದ್ದು ಅಷ್ಟು ಇಳಿಯಲಿಲ್ಲ. ಬೆಂಕಿಯೂ ಬೇಕಾಗಲಿಲ್ಲ, ಚಂದ್ರನೂ ಬೇಕಾಗಲಿಲ್ಲ. ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ಒಗೆದ ಬಟ್ಟೆಗಳ ಕೆಳಗೆ ಚೀಟಿ ಸುಡುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು.

“ಬಾಗಿಲಿನಾಚೆ ಹೋಯಿತೆಂದರೆ ಬಿಟ್ಟ ಹಾಗೆ”

ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು ಕಲ್ಪನೆ, ಮತ್ತು ಇದನ್ನು ಯಾವ ಸಂದೇಶವೂ ಬಾಯಿಬಿಟ್ಟು ಹೇಳುವುದಿಲ್ಲ. ಒಡೆದ ದೇವರ ಫೋಟೊ ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಅಶ್ವತ್ಥಕಟ್ಟೆಯಲ್ಲಿಟ್ಟು ಕೈಮುಗಿದು ಬರುತ್ತೇವೆ. ಮಳೆಗೆ ಚಿತ್ರ ನೆನೆದು ಗಾಜು ಬೇರಿನ ಸಂದಿಯಲ್ಲಿ ಉಳಿಯುತ್ತದೆ. ಅದು ಚುಚ್ಚುವುದು ಕಟ್ಟೆ ಗುಡಿಸುವವಳ ಕೈಗೆ. ಹಾಸಿಗೆ, ಸೋಫಾ ಖಾಲಿ ಸೈಟಿಗೋ ರಾಜಕಾಲುವೆಗೋ ಹೋಗುತ್ತವೆ.

ಈ ಊರಿಗೆ ಇದರ ಪಾಠ ಆಗಿರಲಿಲ್ಲವೆಂದೇನಲ್ಲ. ನಮ್ಮ ಕಸ ಬೇಡವೆಂದು ಮಾವಳ್ಳಿಪುರ, ಮಂಡೂರಿನ ಜನ ಲಾರಿಗಳನ್ನು ತಡೆದ ಮೇಲೆಯೇ 2012ರಲ್ಲಿ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾದದ್ದು. ಆಮೇಲೆ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಗಟ್ಟಿ ಮಾಡಿತು. 2025ರ ಅಕ್ಟೋಬರ್ ಕೊನೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕಡೆಯವರು ಬೀದಿಯಲ್ಲಿ ಕಸ ಎಸೆದವರ ಮನೆ ಹುಡುಕಿ ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಅದಕ್ಕೆ “ಕಸ ಸುರಿಯುವ ಹಬ್ಬ” ಎಂಬ ಹೆಸರು ಬಂತು. ಅಷ್ಟು ನೇರವಾದ ಕರ್ಮಫಲವನ್ನು ಯಾವ ಹುಣ್ಣಿಮೆಯೂ ಕೊಟ್ಟದ್ದಿಲ್ಲ. ಇನ್ನು ಸುಡುವುದಂತೂ ಬೇಡವೇ ಬೇಡ: ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ.

ಹಾಗಾದರೆ ಎಲ್ಲಿಗೆ? ಪೇಪರು, ರಟ್ಟು, ಕಬ್ಬಿಣ, ಅಲ್ಯೂಮಿನಿಯಂ ಗುಜರಿಯವನಿಗೆ. ತೂಕ ಹಾಕಿ ದುಡ್ಡು ಕೊಟ್ಟೇ ಒಯ್ಯುತ್ತಾನೆ. ಥರ್ಮಾಕೋಲನ್ನು ಅವನು ಮುಟ್ಟುವುದಿಲ್ಲ, ಅದು ಒಣಕಸದ ಚೀಲಕ್ಕೆ. ಅವಧಿ ಮುಗಿದ ಮಾತ್ರೆ, ಟ್ಯೂಬ್‌ಲೈಟ್, ಸೆಲ್ ಇವನ್ನು ಬೇರೆ ಕಟ್ಟಿ ಕೊಡಬೇಕು. ಮಿಕ್ಸಿ, ಚಾರ್ಜರ್, ಸತ್ತ ಮೊಬೈಲುಗಳನ್ನು ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ಕೈಬದಲಾಗುತ್ತಾ ಹೋದರೆ ತಾಮ್ರಕ್ಕಾಗಿ ತಂತಿ ಸುಡುವವರ ಬಳಿ ಮುಗಿಯುವ ಸಂಭವವೇ ಹೆಚ್ಚು. ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲೊಂದಾದ ಇ-ಪರಿಸರ ಇರುವುದು ಇಲ್ಲೇ ದಾಬಸ್‌ಪೇಟೆಯಲ್ಲಿ. ದೇವರ ಫೋಟೊದ ಗಾಜು, ಚೌಕಟ್ಟು ಬಿಚ್ಚಿ ಬೇರೆ ಮಾಡಿದರೆ ಉಳಿಯುವುದು ಒಂದು ಹಾಳೆ. ಅದನ್ನು ತುಳಸಿ ಕುಂಡದ ಮಣ್ಣಲ್ಲಿ ಹೂಳಬಹುದು, ಹೊಳಪಿನ ಪ್ಲಾಸ್ಟಿಕ್ ಲೇಪ ಇಲ್ಲದಿದ್ದರೆ.

ಒಂದು ತೊಡಕು ಉಳಿಯಿತು. ಈ ಸಲದ ಹುಣ್ಣಿಮೆಯ ಹಿಂದಿನ ದಿನ ಶುಕ್ರವಾರವಾದರೆ, ಮನೆಯಿಂದ ಏನೂ ಹೊರಗೆ ಹೋಗಕೂಡದೆಂದು ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವರೊಂದಿಗೆ ವಾದಕ್ಕಿಳಿಯಬೇಡಿ. ಗುರುವಾರವೇ ಗುಜರಿಯವನನ್ನು ಕರೆಯಿರಿ.