ವಾದ್ಯದೊಳಗಿನ ನೀರಗಂಟಿ

ಕೋಲಾರದ ಸಮೀಪದ ಕ್ಯಾಲನೂರಿನ ಸುತ್ತಮುತ್ತ ಪೌರಾಣಿಕ ನಾಟಕಗಳ ಮೇಲಿನ ಒಲವು ಇಂದಿಗೂ ಬತ್ತಿಲ್ಲ. ರಂಗದ ಮಗ್ಗುಲಲ್ಲಿ ಹಿಂದೆ ಹಾರ್ಮೋನಿಯಂ ಒಂದೇ ಮೆರೆಯುತ್ತಿತ್ತು; ಈಗ ಅದರ ಜೊತೆಗೆ ವಿದ್ಯುತ್ ಕೀಬೋರ್ಡೂ ಬಂದಿದೆ. ಎರಡಕ್ಕೂ ಕಪ್ಪು ಬಿಳುಪಿನ ಕೀಲಿಗಳೇ ಇದ್ದರೂ ಅವುಗಳ ಒಳಗಿನ ವ್ಯವಸ್ಥೆ ಬೇರೆ ಬೇರೆ.

ಹಾರ್ಮೋನಿಯಂನಲ್ಲಿ ಪ್ರತಿಯೊಂದು ಕೀಲಿಗೂ ಅದರದೇ ಆದ ರೀಡು ಉಂಟು. ಹತ್ತು ಕೀಲಿಗಳನ್ನು ಒತ್ತಿದರೆ ಹತ್ತೂ ನುಡಿಯುತ್ತವೆ. ಆದರೆ ನಾದದ ಏರಿಳಿತವು ತಿದಿಯ ಗಾಳಿಗೆ ಅಧೀನವಾದುದು. ಬೆರಳು ಮೆಲ್ಲನೆ ಒತ್ತಿತೋ ರಭಸದಿಂದ ಒತ್ತಿತೋ ಎಂಬುದನ್ನು ರೀಡು ಅರಿಯದು.

ಸ್ಪರ್ಶವನ್ನು ಗುರುತಿಸಬಲ್ಲ ಸಿಂಥಸೈಜರ್ ಇದನ್ನು ಅರಿಯುತ್ತದೆ. ಹೇಗೆ? ಅದರ ಪ್ರತಿ ಕೀಲಿಯ ಕೆಳಗೆ ಸಾಮಾನ್ಯವಾಗಿ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಕೀಲಿ ಕೆಳಗಿಳಿಯುವಾಗ ಒಂದು ಮೊದಲು ಕೂಡುತ್ತದೆ; ಇನ್ನೊಂದು ಕ್ಷಣಾಂಶದ ಬಳಿಕ ಕೂಡುತ್ತದೆ. ವಾದ್ಯವು ಈ ನಡುವಿನ ಕಾಲವನ್ನು ಅಳೆಯುತ್ತದೆ. ಕಾಲ ಕಡಿಮೆಯಾದಷ್ಟೂ ಬೆರಳಿನ ವೇಗ ಹೆಚ್ಚೆಂದು ತಿಳಿದು ಧ್ವನಿಯನ್ನು ಜೋರಾಗಿಸುತ್ತದೆ. ನಾವು ಬಲವೆಂದು ಭಾವಿಸುವುದನ್ನು ಅದು ಕಾಲವಾಗಿ ಓದಿಕೊಳ್ಳುತ್ತದೆ. 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಸಂಕೇತ ಪದ್ಧತಿಯಲ್ಲಿ ಈ ವೇಗವನ್ನು 1ರಿಂದ 127ರವರೆಗಿನ ಅಂಕಿಯಿಂದ ಸೂಚಿಸುತ್ತಾರೆ.

ಇನ್ನು ಎರಡನೆಯ ಸಂಗತಿ. ಸಿಂಥಸೈಜರಿನಲ್ಲಿ ಕೀಲಿಗೊಂದು ರೀಡು ಇಲ್ಲ. ನಾದವನ್ನು ಹುಟ್ಟಿಸುವ ಕೆಲವೇ ಘಟಕಗಳಿದ್ದು, ಅವನ್ನೇ ಎಲ್ಲ ಕೀಲಿಗಳೂ ಹಂಚಿಕೊಳ್ಳಬೇಕು. ಈ ಘಟಕಕ್ಕೆ 'ಧ್ವನಿ' ಎಂದು ಹೆಸರು. 1970ರ ಮಿನಿಮೂಗ್ ವಾದ್ಯದಲ್ಲಿ ಏಕಕಾಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. 1978ರ ಪ್ರಾಫೆಟ್-5ರಲ್ಲಿ ಐದು, 1983ರ ಯಮಾಹ ಡಿಎಕ್ಸ್7ರಲ್ಲಿ ಹದಿನಾರು ಧ್ವನಿಗಳಿದ್ದವು. ಇಂದು 64, 128 ಧ್ವನಿಗಳ ವಾದ್ಯಗಳು ಸಾಮಾನ್ಯವಾದರೂ ಮಿತಿಯಂತೂ ತಪ್ಪಿಲ್ಲ.

ಕೆರೆಗಳ ನಾಡಾದ ಕೋಲಾರದವರಿಗೆ ಈ ತೊಡಕು ಹೊಸದೇನಲ್ಲ. ಕೆರೆಯ ನೀರು ಮಿತ. ಬಾಯ್ದೆರೆದ ಗದ್ದೆಗಳು ಹಲವು. ಯಾವ ಗದ್ದೆಗೆ ಯಾವಾಗ ನೀರೆಂಬುದನ್ನು ನೀರಗಂಟಿಯು ನಿರ್ಧರಿಸುತ್ತಿದ್ದನು. ವಾದ್ಯದೊಳಗೂ ಅಂತಹ ಒಬ್ಬ ನೀರಗಂಟಿ ಇದ್ದಾನೆನ್ನಬಹುದು. ಹೊಸ ಕೀಲಿಯನ್ನು ಒತ್ತಿದೊಡನೆ ಅವನು ಬಿಡುವಾಗಿರುವ ಧ್ವನಿಯನ್ನು ಹುಡುಕುತ್ತಾನೆ. ಎಲ್ಲವೂ ದುಡಿಯುತ್ತಿದ್ದರೆ ಒಂದರ ಸ್ವರವನ್ನು ನಿಲ್ಲಿಸಿ ಹೊಸದಕ್ಕೆ ಕೊಡಬೇಕು. ಯಾವುದನ್ನು ನಿಲ್ಲಿಸುವುದು?

ಎಲ್ಲಕ್ಕಿಂತ ಹಳೆಯದನ್ನು ಎಂಬುದು ಸುಲಭದ ಉತ್ತರ. ಆದರೆ ನಟನೊಬ್ಬನು ಕಂದಪದ್ಯವನ್ನು ಹಾಡುತ್ತಿರುವಾಗ ವಾದಕನು ಎಡಗೈಯಿಂದ ಹಿಡಿದಿಟ್ಟ ಆಧಾರಶ್ರುತಿಯೇ ಎಲ್ಲಕ್ಕಿಂತ ಹಳೆಯ ಸ್ವರ! ಅದನ್ನು ಕಿತ್ತುಕೊಂಡರೆ ಗಾಯಕನ ಕಾಲಕೆಳಗಿನ ನೆಲವೇ ಕುಸಿದಂತಾಗುತ್ತದೆ. ಆದುದರಿಂದ ಜಾಣ ವ್ಯವಸ್ಥೆಯು, ಬೆರಳು ಬಿಟ್ಟ ಮೇಲೂ ಕ್ಷೀಣವಾಗಿ ಉಳಿದ ಸ್ವರಗಳನ್ನು ಮೊದಲು ನಿಲ್ಲಿಸುತ್ತದೆ. ಅವು ಇಲ್ಲದಿದ್ದರೆ ಮಾತ್ರ ಹಳೆಯದಕ್ಕೆ ಕೈಹಾಕುತ್ತದೆ. ಕೆಲವು ವಾದ್ಯಗಳು ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಮುಟ್ಟದೆ ಕಾಪಾಡುತ್ತವೆ.

ವಾದಕನಿಗೂ ಇಲ್ಲಿ ಹೊಣೆಯುಂಟು. ಸ್ವರಗಳನ್ನು ಹಿಡಿದಿಡುವ ಪೆಡಲನ್ನು ಅನವಶ್ಯಕವಾಗಿ ತುಳಿದಿದ್ದರೆ ಯಾವ ಧ್ವನಿಗೂ ಬಿಡುವು ದೊರೆಯದು. ಮಿತವಾದುದನ್ನು ಹಂಚಿಕೊಳ್ಳುವೆಡೆಯಲ್ಲಿ, ಕೆಲಸ ಮುಗಿದುದನ್ನು ಸಕಾಲದಲ್ಲಿ ಬಿಟ್ಟುಕೊಡುವವನಿಂದಲೇ ಮೇಳ ಉಳಿಯುತ್ತದೆ.